ದರ್ಜಿಯ ಟೇಪಿನಿಂದ ಬಂಗಲೆಯ ಅಳತೆ

ಹೆಂಡತಿ ಒಂದು ಕೇಳಿದರೆ ಹತ್ತು ಕೊಡುವ ಗಂಡಸು ನಾನು. ಆ ಹತ್ತರಲ್ಲಿ ಅವಳು ಕೇಳಿದ ಒಂದು ಇರುವುದಿಲ್ಲ, ಅಷ್ಟೆ!

ಇಸವಿ ಸಾವಿರದ ಒಂಬೈನೂರ ಐವತ್ತೆಂಟೋ ಐವತ್ತೊಂಬತ್ತೋ ಇರಬೇಕು. ಯಶವಂತಪುರದ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಒಂದು ಬೆಳಿಗ್ಗೆ, ಕೊಡಿಗೇಹಳ್ಳಿಯಿಂದ ಸೊಪ್ಪು ಮಾರಲು ಬರುವ ಮುದುಕಿ ನನ್ನ ಹೆಂಡತಿ ರತ್ನಳಿಗೆ, "ಅಮ್ಮಯ್ಯ, ಎಬ್ಬಾಳದ ಕೆರೆ ತಾವಿನ ದೊರೆ ಬಂಗ್ಲೆ ಕೆಡವ್ತಾರಂತೆ" ಎಂದಳು.

ರತ್ನ ಸೊಪ್ಪು ಮರೆತು ಒಳಗೆ ಓಡಿ ಬಂದಳು. ಅವಳ ತಂದೆ ಆ ಬಂಗಲೆಯಲ್ಲಿ ಮಾಲಿಯಾಗಿದ್ದವರು. ಅವಳು ಹುಟ್ಟಿದ್ದೂ ಅಲ್ಲೇ, ಮದುವೆಯ ತನಕ ಬೆಳೆದದ್ದೂ ಅಲ್ಲೇ. ಅಪ್ಪ, ಅಮ್ಮ ಇಬ್ಬರೂ ಈಗ ಇರಲಿಲ್ಲ. ಮದುವೆ ದೇವಸ್ಥಾನದಲ್ಲಿ ನಡೆದದ್ದರಿಂದ ನಾನು ಆ ಕಡೆ ಹೋದವನೇ ಅಲ್ಲ.

"ರೀ, ಕೆಡವೋಕೆ ಮುಂಚೆ ಒಂದ್ಸಲ ನಮ್ಮನೆ ನೋಡ್ಬೇಕು. ಕರ್ಕೊಂಡು ಹೋಗ್ರೀ."

"ನೋಡಿ ಬಂದ್ರೆ ನಾಲ್ಕು ದಿನಕ್ಕೆ ಮರೆತು ಹೋಗುತ್ತೆ ಕಣೇ! ನಾನು ಅದರ ನಕ್ಷೆ, ಚರಿತ್ರೆ ಎಲ್ಲಾ ಬರೆದು, ಕಟ್ಟು ಹಾಕಿಸಿ ಗೋಡೆಗೆ ತಗುಲಿಸ್ತೀನಿ. ದಿನಾ ನೋಡ್ತಿರು."

ಶಾಲೆಯಲ್ಲಿ ಟೇಪು ಇರಲಿಲ್ಲ. ಪಕ್ಕದ ಮನೆಯ ದರ್ಜಿ ಖಾದರ್ ಸಾಹೇಬರನ್ನು ಕೇಳಿದೆ. ಅವರು ಕೊರಳಿನ ಟೇಪು ತೆಗೆದು ಕೊಡುತ್ತಾ, "ಯಾಕೆ ಮೇಷ್ಟ್ರೇ, ಬಂಗ್ಲೆಗೆ ಶೇರ್ವಾನಿ ಹೊಲಿಸ್ತೀರಾ?" ಎಂದರು. ನಾನು ನಗಲಿಲ್ಲ. ಇತಿಹಾಸಕಾರರು ನಗುವುದಿಲ್ಲ!

ಭಾನುವಾರ ಸೈಕಲ್ ತುಳಿದು ಹೋದೆ. ಬಂಗಲೆಯೆಂದರೆ ಬಂಗಲೆ! ಕುದುರೆಗಾಡಿ ಒಳಗೇ ಬಂದು ನಿಲ್ಲುವಂಥ ಪೋರ್ಟಿಕೋ. ಕಿಟಕಿಗಳ ಮೇಲೆ ಟೋಪಿ ಇಟ್ಟ ಹಾಗೆ ಚೂಪಾದ ಮರದ ಮಂಕಿಟಾಪು. ಎರಡಡಿ ದಪ್ಪದ ಗಾರೆ ಗೋಡೆ. ಹಾಲ್‌ನ ಗೋಡೆಯೊಳಗೆ ಚಳಿ ಕಾಯಿಸಿಕೊಳ್ಳಲು ಅಗ್ಗಿಷ್ಟಿಕೆ, ಅದಕ್ಕೊಂದು ಹೊಗೆಗೂಡು. ಯಾರೋ ಫೌಜಿನ ದೊರೆ ವಿಲಾಯಿತಿಯಲ್ಲಿದ್ದ ತನ್ನ ಮನೆಯನ್ನು ನೆನೆದು ನೆನೆದು, ಅದೇ ಥರದ್ದನ್ನು ಇಲ್ಲಿ ಕಟ್ಟಿಸಿದನಂತೆ. ಹಾಗೆಂದು ಕಾವಲುಗಾರ ಹೇಳಿದ. ನಮ್ಮೂರ ಚಳಿಗೆ ಆ ಅಗ್ಗಿಷ್ಟಿಕೆ ಹಚ್ಚಿದ್ದರೆ ದೊರೆಯೇ ಬೆಂದುಹೋಗುತ್ತಿದ್ದ! ಆದರೂ ಪಾಪ, ಊರಿನ ಹಂಬಲ. ಮನೆಗೆ ಬಂದವನೇ ಅವನ ಹಂಬಲದ ಮೇಲೆ ಎರಡು ಪುಟ ಬರೆದು, ನಾನೇ ಓದಿಕೊಂಡು ಕಣ್ಣೊರೆಸಿಕೊಂಡೆ.

"ಮುಂದಿನ ವಾರ ನಾನೂ ಬರ್ಲಾ?" ಎಂದಳು ರತ್ನ.

"ಸುಮ್ನಿರೇ, ಇಲ್ಲಿ ದೊರೆ ಅಳ್ತಿದಾನೆ!" ಎಂದೆ.

ಎರಡನೆಯ ಭಾನುವಾರ ಹೊರಗೋಡೆ ಅಳೆಯುತ್ತಿದ್ದೆ. ಹತ್ತಿಪ್ಪತ್ತು ಜನ ರೈತರು ಬಂದು, ಕೈಮುಗಿದು ಎಳನೀರು ಕೊಟ್ಟರು. ಬಾಯಾರಿತ್ತು. ಕುಡಿದೆ. ಎರಡು! ಆಗ ಆ ಕಡೆ ಟೇಪು ಹಿಡಿದು ಬಂದವರೆಲ್ಲ ಕಾರ್ಖಾನೆಗೆ ಜಮೀನು ಗುರುತು ಮಾಡುವ ಸರ್ಕಾರಿ ಜನ ಎಂಬುದು ನನಗೇನು ಗೊತ್ತು?

"ಸ್ವಾಮೇರಾ, ನಮ್ ದ್ರಾಕ್ಷಿ ತೋಟ ಬಿಟ್ಬುಡಿ" ಎಂದರು ಅವರ ಪಟೇಲರು.

"ಅಯ್ಯೋ, ನಾನು ಡ್ರಾಯಿಂಗ್ ಮೇಷ್ಟ್ರು!"

"ಎಳನೀರು ಕುಡುದ್ ಮ್ಯಾಲೆ ಎಲ್ರೂ ಇಂಗೇ ಏಳ್ತಾರೆ. ಮೇಷ್ಟ್ರಾದ್ರೆ ನನ್ ಚಿತ್ರ ಬರೀರಿ ನೋಡಾನ."

ಬರೆದೆ. ನೋಡಿದ ಜನ ಗೊಳ್ಳೆಂದು ನಕ್ಕರು. ಪಟೇಲರು ನಗಲಿಲ್ಲ. ನಾನು ಮೇಷ್ಟ್ರಲ್ಲ ಎಂಬುದು ಅಲ್ಲಿಗೆ ರುಜುವಾತಾಯಿತು! ಟೇಪು ಕಿತ್ತುಕೊಂಡು ನನ್ನನ್ನು ಅಟ್ಟಿದರು.

ಮೂರನೆಯ ಭಾನುವಾರ ಖಾದರ್ ಸಾಹೇಬರೇ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಬಂದರು. "ಇವರು ನಮ್ಮ ಮೇಷ್ಟ್ರೇ. ಬುದ್ಧಿ ಸ್ವಲ್ಪ ಕಮ್ಮಿ, ಆದ್ರೆ ಒಳ್ಳೇವ್ರು" ಎಂದು ಸಾಕ್ಷಿ ನುಡಿದು ಟೇಪು ಬಿಡಿಸಿದರು. ಅಂದೇ ಅಳತೆ ಮುಗಿಸಿದೆ. ನಾಲ್ಕನೆಯ ವಾರ ರತ್ನ ಒಳ್ಳೆ ಸೀರೆ ಉಟ್ಟು ನಿಂತಿದ್ದಳು. "ಇವತ್ತು ನಕ್ಷೇನ ಮಸೀಲಿ ತಿದ್ದಬೇಕು ಕಣೇ" ಎಂದೆ. ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿದಳು. ಆ ವಾರವೇ ಬಂಗಲೆ ಕೆಡವಿದರೆಂದು ಸೊಪ್ಪಿನ ಮುದುಕಿ ಹೇಳಿದಳು.

ಪರವಾಗಿಲ್ಲ, ನಕ್ಷೆ ಇತ್ತಲ್ಲ! ಕಟ್ಟು ಹಾಕಿಸಿ ತಂದು ಗೋಡೆಗೆ ತಗುಲಿಸಿದೆ. ರತ್ನ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು. ಅವಳ ಬೆರಳು ಪೋರ್ಟಿಕೋ ದಾಟಿತು, ಹಾಲ್ ದಾಟಿತು, ಅಡಿಗೆಮನೆ ದಾಟಿ ಕಟ್ಟಿನ ಅಂಚಿಗೆ ಬಂದು ನಿಂತಿತು.

"ರೀ, ನಮ್ಮನೆ ಎಲ್ಲಿ?"

"ಇದೇ ಅಲ್ವೇನೇ!"

"ಇದು ದೊರೆಗಳ ಮನೆ. ಇದರೊಳಗೆ ನಾನು ಒಂದ್ಸಲಾನೂ ಕಾಲಿಟ್ಟಿಲ್ಲ. ನಮ್ದು ಹಿಂದ್ಗಡೆ, ಬಾವಿ ಪಕ್ಕ, ಒಂದು ಹೆಂಚಿನ ರೂಮು."

ಆ ರೂಮು ನಾನು ನೋಡಿದ್ದೆ. ಮೂರು ಭಾನುವಾರವೂ ಸೈಕಲ್ ಒರಗಿಸಿದ್ದು ಅದರ ಗೋಡೆಗೇ! ಅದರಲ್ಲಿ ಅಳೆಯುವಂಥದ್ದೇನಿದೆ ಎಂದು ಬಿಟ್ಟಿದ್ದೆ.

ಅಂದೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಇಟ್ಟಿಗೆ ರಾಶಿ, ಒಡೆದ ಹೆಂಚು, ಬಾವಿ. ರತ್ನ ಬಾವಿಕಟ್ಟೆಯಿಂದ ಹೆಜ್ಜೆ ಎಣಿಸುತ್ತಾ ಹೋಗಿ ಒಂದು ಕಡೆ ನಿಂತಳು. "ಇಲ್ಲಿ ಅಮ್ಮ ಒಲೆ ಹಚ್ತಿದ್ರು" ಎಂದು ಕಣ್ಣೀರು ಒರೆಸಿಕೊಂಡು ಅಲ್ಲೇ ಕೂತಳು. ಅವಳ ಮುಖ ನೋಡಲಾರದೆ ನಾನು ಜೇಬಿನಿಂದ ಪೆನ್ಸಿಲು ತೆಗೆದೆ.

"ಹೇಳು ಕಣೇ, ಈಗಲೇ ಬರೀತೀನಿ. ರೂಮು ಎಷ್ಟು ದೊಡ್ಡದಿತ್ತು?"

"ನಾವು ಮೂರು ಜನ ಮಲಗೋಷ್ಟು" ಎಂದಳು.

ಡ್ರಾಯಿಂಗ್ ಮೇಷ್ಟ್ರು ಪೆನ್ಸಿಲು ಮತ್ತೆ ಜೇಬಿಗೆ ಹಾಕಿಕೊಂಡರು!