ಲಿನಕ್ಸು, ವಿಜಯವಾಡ ಮತ್ತು ನನ್ನ ವರ್ಗಾವಣೆ

ಬ್ಯಾಂಕಿನ ಕಂಪ್ಯೂಟರ್ ಅಧಿಕಾರಿಗೆ ಹಾಸ್ಯ ಹುಡುಕಿಕೊಂಡು ಹೋಗಬೇಕಿಲ್ಲ, ಹಾಜರಾತಿ ಹಾಕಿದರೆ ಸಾಕು. 2015ರ ಸುಮಾರಿಗೆ ವಿಜಯವಾಡದ ಪ್ರಾದೇಶಿಕ ಕಚೇರಿಯಲ್ಲಿದ್ದಾಗ ಶಾಖೆಗಳ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಎಂಬ ಕಾರ್ಯಾಚರಣೆ ತಂತ್ರಾಂಶ ಹಾಕುವ ಕೆಲಸ ನನ್ನ ತಲೆಗೆ ಬಂತು. ಮ್ಯಾನೇಜರರು ತೆಲುಗಿನವರು. ಹೆಂಡತಿ ಬಳ್ಳಾರಿಯವರಾದ್ದರಿಂದ ಕನ್ನಡ ಮಾತಾಡುತ್ತಿದ್ದರು, ಕೊನೆಗೆ ಮರ್ಯಾದೆಗೊಂದು ತೆಲುಗಿನ 'ಅಂಡಿ' ಸೇರಿಸಿ.

"ಒಂದೂ ದೂರು ಬರದ ಹಾಗೆ ನಡೆಸಿ ಅಂಡಿ. ನಿಮ್ಮನ್ನು ಹುಬ್ಬಳ್ಳಿಗೆ ಕಳಿಸೋದು ನನ್ನ ಜವಾಬ್ದಾರಿ" ಅಂದರು.

ಹುಬ್ಬಳ್ಳಿಯಲ್ಲಿ ನನ್ನ ಹೆಂಡತಿ, ಮಗಳು ಇದ್ದರು. ಮಗಳು ಫೋನೆತ್ತಿ "ಯಾರ್ರಿ ಮಾತಾಡೋದು?" ಅಂತ ನನ್ನನ್ನೇ ಕೇಳುವಷ್ಟು ಕಾಲವಾಗಿತ್ತು ನಾನು ಊರು ಬಿಟ್ಟು. ಎತ್ತಿನ ಹಾಗೆ ದುಡಿದೆ.

ಹೆಸರು ಬದಲಾದ ಕಾರ್ಡು

ಒನ್ ಟೌನ್ ಶಾಖೆಗೆ ಲಿನಕ್ಸಿನ ಹೊಸ ಆವೃತ್ತಿ ಹಾಕಿದೆ, ನೆಟ್‌ವರ್ಕ್ ನಿಂತಿತು. ಹೊಸ ಲಿನಕ್ಸು ನೆಟ್‌ವರ್ಕ್ ಕಾರ್ಡಿಗೆ ತನಗೆ ತೋಚಿದ ಹೆಸರಿಟ್ಟಿತ್ತು, ಸೆಟ್ಟಿಂಗ್ ಫೈಲಿನಲ್ಲಿ ಹಳೆಯ ಹೆಸರೇ ಇತ್ತು. ತಿದ್ದಲು ಗಳಿಗೆ ಸಾಕಾಯಿತು, ಶಾಖೆಯ ಅಕೌಂಟೆಂಟರಿಗೆ ತಿಳಿಸಲು ಅರ್ಧ ದಿನ.

"ಕಾರ್ಡು ಬೇರೆಯಾ?"

"ಇಲ್ಲ, ಅದೇ."

"ಮತ್ತೆ ಹೆಸರು ಬದಲಾಯಿಸಿದ್ದು ಯಾರು?"

"ಲಿನಕ್ಸಿನವರು."

ಅವರು ಕೈ ಚಾಚಿದರು. "ಗೆಜೆಟ್ ಪ್ರತಿ ಕೊಡಿ ಅಂಡಿ. ಅದಿಲ್ಲದೆ ನಾವು ಯಾರ ಹೆಸರೂ ಬದಲಾಯಿಸೋಲ್ಲ."

ಕಾಯುವ ಕಂಪ್ಯೂಟರು

ಕೊಂಡಪಲ್ಲಿ ಶಾಖೆಯಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತು, ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಈ ತಂತ್ರಾಂಶ ಪ್ಯಾಕೇಜಿನ ಸೆಟ್ಟಿಂಗ್ ಫೈಲನ್ನು ನೀವು ತಿದ್ದಿದ್ದೀರಿ, ನಿಮ್ಮದೇ ಇರಲೋ, ಹೊಸದು ಹಾಕಲೋ? ಶಾಖೆಯ ಮುಖ್ಯಸ್ಥರು ಕೀಲಿ ಒತ್ತಲಿಲ್ಲ. ಒತ್ತಿದವನೇ ಹೊಣೆ ಎನ್ನುವುದು ಅವರು ನೌಕರಿಯಲ್ಲಿ ಕಲಿತ ಏಕೈಕ ವಿದ್ಯೆ. ನೇರವಾಗಿ ವಿಶಾಖಪಟ್ಟಣದ ವಲಯ ಕಚೇರಿಗೆ ಬರೆದರು. ಪುಣ್ಯಕ್ಕೆ ಅದು ದೂರಿನ ಪತ್ರವಲ್ಲ, 'ಸ್ಪಷ್ಟೀಕರಣ' ಕೋರಿಕೆ. ಉತ್ತರ ಬರುವವರೆಗೆ ಕಂಪ್ಯೂಟರಿಗೆ 'ಮುಟ್ಟಬೇಡಿ' ಚೀಟಿ ಅಂಟಿಸಿದರು.

ಉತ್ತರ ಬಂತು: "ಈಗ ಜಾರಿಯಲ್ಲಿರುವಂತೆ ಮುಂದುವರಿಯಿರಿ."

ವಿಷಯ ತಿಳಿದು ನಾನು ಓಡಿದೆ. "ಇನ್ನೂ ಯಾಕೆ ಒತ್ತಿಲ್ಲ ಸಾರ್?" ಅಂದೆ.

"ಈಗ ಜಾರಿಯಲ್ಲಿರೋದು ಕಾಯೋದು ಅಂಡಿ. ಮುಂದುವರಿಸಿದ್ದೇವೆ."

ರಾಹುಕಾಲ

ರಾಹುಕಾಲದಲ್ಲಿ ಅಪ್‌ಡೇಟ್ ಆಗಕೂಡದೆಂದು ನಮ್ಮ ಮ್ಯಾನೇಜರರ ಕಟ್ಟಪ್ಪಣೆ. ಪಂಚಾಂಗ ನೋಡಿ, ವಾರದ ಒಂದೊಂದು ದಿನಕ್ಕೆ ಒಂದೊಂದು ಹೊತ್ತು ಗೊತ್ತುಮಾಡಿ ಸೆಟ್ಟಿಂಗ್ ಬರೆದೆ. ತಪಾಸಣೆಗೆ ಬಂದ ತಜ್ಞರು ಅದನ್ನು ಬಹಳ ಹೊತ್ತು ದಿಟ್ಟಿಸಿ, "ಅಪ್‌ಡೇಟುಗಳ ಹೊರೆಯನ್ನು ಎಷ್ಟು ವೈಜ್ಞಾನಿಕವಾಗಿ ಹಂಚಿದ್ದೀರಿ!" ಎಂದು ಹೊಗಳಿ, ಉಳಿದ ಪ್ರಾದೇಶಿಕ ಕಚೇರಿಗಳಿಗೂ ಕಡ್ಡಾಯ ಮಾಡಿಸಿದರು.

ವರ್ಗಾವಣೆ

ಆ ವರ್ಷ ಪೂರ್ತಿ ವಿಜಯವಾಡದಿಂದ ಒಂದೂ ದೂರು ಹೋಗಲಿಲ್ಲ. ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಹರಕೆಯನ್ನೂ ಹೊತ್ತೆ. ಆದೇಶ ಬಂತು: ನನಗೆ ವಿಶಾಖಪಟ್ಟಣ.

ವಲಯ ಕಚೇರಿಗೆ ಫೋನು ಮಾಡಿದೆ. "ನಿಮ್ಮಲ್ಲಿ ದೂರೇ ಇಲ್ಲ. ಅಂದ ಮೇಲೆ ಅಲ್ಲಿ ನಿಮಗೇನು ಕೆಲಸ? ಇಲ್ಲಿ ದಿನಾ ದೂರು, ಬನ್ನಿ" ಅಂದರು.

"ನಿಮ್ಮಲ್ಲಿದ್ದ ಕಂಪ್ಯೂಟರ್ ಅಧಿಕಾರಿ?"

"ಹುಬ್ಬಳ್ಳಿಗೆ. ಸಾಗಹಾಕೋಕೆ ನಾವೇ ಮೇಲಿನವರ ಕೈಕಾಲು ಹಿಡಿದು ಮಾಡಿಸಿದ್ವಿ."

ವಿಶಾಖಪಟ್ಟಣದಲ್ಲಿ ಒಂದೊಂದು ಶಾಖೆಯಲ್ಲಿ ಒಂದೊಂದು ಆವೃತ್ತಿ, ಎಲ್ಲವೂ ಅರ್ಧಂಬರ್ಧ. ಪಾಸ್‌ವರ್ಡ್ ಕೇಳಲು ಆ ಮಹಾನುಭಾವನಿಗೆ ಫೋನು ಮಾಡಿದೆ.

"ಪಾಸ್‌ವರ್ಡ್ ನೆನಪಿಲ್ರಿ ಸರ. ಒಂದ್ ಮಾತು, ಸಿಟ್ಟಾಗಬ್ಯಾಡ್ರಿ. ಹಿಂಗ ಛಲೋ ಕೆಲಸ ಮಾಡಕೋತ ಕುಂತ್ರ ನಿಮ್ಮನ್ನ ಊರಿಗೆ ಯಾರು ಬಿಡ್ತಾರ್ರಿ?"

ಫೋನಿಟ್ಟೆ. ಮರುದಿನದಿಂದ ಬಂದ ಹೊಸ ಪ್ಯಾಕೇಜುಗಳನ್ನೆಲ್ಲ ಪರೀಕ್ಷಿಸದೆ ಎಲ್ಲ ಶಾಖೆಗಳಿಗೂ ಒಟ್ಟಿಗೆ ಬಿಟ್ಟೆ; ದೂರುಗಳ ಸುರಿಮಳೆಯಾಯಿತು. ಮುಂದಿನ ವರ್ಗಾವಣೆಯಲ್ಲೇ ನನಗೆ ಹುಬ್ಬಳ್ಳಿ ಸಿಕ್ಕಿತು. ವಲಯ ಕಚೇರಿಯ ಶಿಫಾರಸಿನಲ್ಲಿ ಒಂದೇ ಪದವಿತ್ತು: 'ತುರ್ತು'.