ಯಾರ ಪೈಕಿ ಎಂದು ಕೇಳಿದ ತಪ್ಪಿಗೆ

ಅನುಮಾನ ಪಡುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ನನಗೆ ಹುಟ್ಟಿನಿಂದ ಬಂದಿಲ್ಲ. ತರಕಾರಿಯವನು ತೂಗುವಾಗ ಆಕಾಶ ನೋಡುತ್ತ ನಿಲ್ಲುವವನು ನಾನು. ಹುಳುಕು ಬದನೆಕಾಯಿ ಹೊತ್ತು ತಂದು ಹೆಂಡತಿಯಿಂದ ಪಡೆದ ಬಿರುದುಗಳನ್ನು ಇಲ್ಲಿ ಬರೆಯುವಂತಿಲ್ಲ. ಇಂಥ ನನ್ನನ್ನು ನಮ್ಮ ವಿಶ್ವವಿದ್ಯಾಲಯದವರು ಭದ್ರತಾ ಸಮಿತಿಯ ಸಂಚಾಲಕನನ್ನಾಗಿ ಮಾಡಿದರು. ಕಾರಣ ಇಷ್ಟೇ, ಸಮಿತಿ ರಚಿಸಿದ ದಿನ ನಾನು ಸಭೆಗೆ ಹೋಗಿರಲಿಲ್ಲ. ಎದುರಿಗಿದ್ದವರಾದರೆ ಬೇಡ ಎನ್ನುತ್ತಾರಲ್ಲ.

ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವನು ವಾರದೊಳಗೆ ಭದ್ರತಾ ಪಂಡಿತನಾದೆ. ‘ಸದಾ ಜಾಗೃತರಾಗಿರಿ’ ಎಂದು ಆರು ಬೋರ್ಡು ಬರೆಸಿದೆ. ಅದರಲ್ಲಿ ಒಂದನ್ನು ಜಾಲಿಗಿಡದ ಹಿಂದೆ ನೆಟ್ಟಿದ್ದಾರೆ. ಜಾಗೃತರಾಗಿ ಹುಡುಕಿದವರಿಗೆ ಸಿಗುತ್ತದೆ. ಜೋಗಿಮಟ್ಟಿ ಕಡೆಯಿಂದ ಕುರಿ ಹೊಡೆದುಕೊಂಡು ಬರುವ ಓಬಣ್ಣ ನಮ್ಮ ಕಟ್ಟಡಗಳು ಏಳುವ ಮೊದಲಿನಿಂದಲೂ ಅದೇ ದಾರಿಯಲ್ಲಿ ಓಡಾಡುವವನು. ಅವನನ್ನು ತಡೆದು, ಹೆಗಲ ಮೇಲಿನ ಕಂಬಳಿಯ ಗಂಟು ಬಿಚ್ಚಿ ತೋರಿಸು ಎಂದೆ.

“ಏನೈತ್ರಿ ಅದ್ರಾಗೆ, ಮರಿ ಐತೆ. ಬೆಳಿಗ್ಗೆ ಹುಟ್ಟೈತೆ. ಬೇಕಾದ್ರೆ ಎತ್ಕಳ್ರಿ” ಎಂದ.

ಎತ್ತಿಕೊಂಡೆ. ಮರಿ ನನ್ನ ಶರ್ಟಿನ ಮೇಲೆ ತನ್ನ ಅಭಿಪ್ರಾಯವನ್ನು ಬಿಟ್ಟಿತು. ವರದಿಯಲ್ಲಿ ‘ತಪಾಸಣೆ ಮಾಡಿದ ಅನುಮಾನಾಸ್ಪದ ವಸ್ತು: ಒಂದು’ ಎಂದು ಬರೆದೆ.

ಅಷ್ಟರಲ್ಲಿ ಒಂದು ಸುತ್ತೋಲೆ ಬಂತು. ಆ ವಾರ ಯಾವುದಾದರೂ ಒಂದು ದಿನ ಹೊರಗಿನವರೊಬ್ಬರು ಸಾದಾ ವೇಷದಲ್ಲಿ ಬಂದು ನಮ್ಮ ಎಚ್ಚರವನ್ನು ಪರೀಕ್ಷಿಸುತ್ತಾರೆ. ಅವರು ಒಳಗೆ ನುಗ್ಗಿದರೆ ಗೇಟಿನ ಕಾವಲುಗಾರನನ್ನು ಕೆಲಸದಿಂದ ತೆಗೆಯಲಾಗುತ್ತದೆ. ನಮ್ಮ ಗೇಟಿನಲ್ಲಿರುವವನು ಹೊಳಲ್ಕೆರೆಯ ತಿಪ್ಪೇಸ್ವಾಮಿ, ಗುತ್ತಿಗೆ ನೌಕರ. ಮಗಳು ಪಿಯುಸಿ ಓದುತ್ತಿದ್ದಾಳೆ. ಸುತ್ತೋಲೆ ಓದಿ ಹೇಳಿದಾಗ ಅವನ ಮುಖ ಸಣ್ಣದಾಯಿತು.

“ಸರ್, ಆವಯ್ಯ ಹೆಂಗಿರ್ತಾನೆ ಅಂತ ಒಂಚೂರು ಗೊತ್ತಾದ್ರೆ…”

“ಯಾರಾದ್ರೂ ಬರ್ಲಿ, ಕಾರ್ಡಿಲ್ದೆ ಬಿಡಬ್ಯಾಡಪ್ಪ. ನಮ್ಮಪ್ಪ ಬಂದ್ರೂ ಬಿಡಬ್ಯಾಡ” ಎಂದೆ, ಗಂಭೀರವಾಗಿ.

ಬುಧವಾರ ಬೆಳಿಗ್ಗೆ ಹೊಳಲ್ಕೆರೆ ರಸ್ತೆಯ ಬಸ್‌ಸ್ಟಾಪಿನಲ್ಲಿ ಫೈಲು ಹಿಡಿದು ನಿಂತಿದ್ದವರೊಬ್ಬರು ನನ್ನ ಸ್ಕೂಟರಿಗೆ ಕೈ ಅಡ್ಡ ಹಿಡಿದರು. ನಲವತ್ತರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಕ್ಯಾಂಪಸ್ಸಿಗೆ ಹೋಗಬೇಕಂತೆ. ಹತ್ತಿಸಿಕೊಂಡೆ. ಯಾವೂರು ಎಂದರೆ ಹೊಸದುರ್ಗ ಕಡೆ ಎಂದರು. ಹೊಸದುರ್ಗ ನನ್ನ ಹೆಂಡತಿಯ ತವರು! ಸ್ಕೂಟರು ತಾನಾಗಿಯೇ ನಿಧಾನವಾಯಿತು.

“ಹೊಸದುರ್ಗದಾಗೆ ಯಾರ ಪೈಕಿ?”

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಕೇಳಿದ ಮೇಲೆ ಸಂಬಂಧ ಸಿಗುವ ತನಕ ಬಿಡುವ ಪದ್ಧತಿಯಿಲ್ಲ. ಮೂರನೆಯ ಪ್ರಶ್ನೆಗೆ ಅವರ ಚಿಕ್ಕಮ್ಮನನ್ನು ಕೊಟ್ಟ ಮನೆ ಸಿಕ್ಕಿತು. ನಾಲ್ಕನೆಯದಕ್ಕೆ ನನ್ನ ಷಡ್ಡಕನ ಅಕ್ಕನ ಗಂಡ ಸಿಕ್ಕಿದ. ಐದನೆಯದನ್ನು ಕೇಳುವ ಮೊದಲೇ ಅವರು ನನಗೆ ಭಾವ ಆಗಿದ್ದರು. ಭಾವನ ಹತ್ತಿರ ಮುಚ್ಚುಮರೆ ಏನು? ಎಂಟು ಕ್ಯಾಮೆರಾಗಳಲ್ಲಿ ಕೆಲಸ ಮಾಡುವುದು ಎರಡೇ ಎಂದೂ, ಪ್ರಯೋಗಾಲಯದ ಹಿಂಬಾಗಿಲಿಗೆ ಚಿಲಕವಿಲ್ಲ ಎಂದೂ, ಊಟದ ಹೊತ್ತಿನಲ್ಲಿ ಆಫೀಸಿನಲ್ಲಿ ನರಪಿಳ್ಳೆ ಇರುವುದಿಲ್ಲ ಎಂದೂ ಹೇಳಿದೆ. ಅವರು “ಹೌದಾ ಭಾವ” ಎನ್ನುತ್ತ ಬಹಳ ಆಸ್ಥೆಯಿಂದ ಕೇಳಿಸಿಕೊಂಡರು. ನನ್ನ ತರಗತಿಯಲ್ಲಿ ಅಷ್ಟು ಆಸ್ಥೆಯಿಂದ ಕೇಳಿದವರು ಈವರೆಗೂ ಯಾರೂ ಇಲ್ಲ.

ಗೇಟಿನಲ್ಲಿ ತಿಪ್ಪೇಸ್ವಾಮಿ ಕೈ ಅಡ್ಡ ಹಾಕಿದ. “ಸರ್, ಹಿಂದೆ ಕುಂತಿರೋರ್ದು ಕಾರ್ಡು?”

“ಏನಪ್ಪ, ನಮ್ಮ ಸಂಬಂಧಿಕರನ್ನೂ ಕೇಳ್ತೀಯಾ? ಬಿಡು.”

“ನೀವೇ ಹೇಳಿದ್ರಲ್ಲ ಸರ್, ನಿಮ್ಮಪ್ಪ ಬಂದ್ರೂ…”

“ಇವ್ರು ನಮ್ಮಪ್ಪ ಅಲ್ಲ, ಭಾವ” ಎಂದು ರೇಗಿ ಸ್ಕೂಟರು ಬಿಟ್ಟೆ. ಭಾವನಿಗೆ ಕ್ಯಾಂಟೀನಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ, ಚಹಾ ಕುಡಿಸಿ ಬೀಳ್ಕೊಟ್ಟೆ. ಆಮೇಲೆ ಸಂಜೆಯ ತನಕ ತಾರಸಿಯ ಮೇಲೆ ಬಿಸಿಲಿನಲ್ಲಿ ನಿಂತು, ಆ ಹೊರಗಿನವನು ಯಾವ ದಿಕ್ಕಿನಿಂದ ನುಗ್ಗುತ್ತಾನೋ ಎಂದು ಕಾದೆ.

ಮರುದಿನದ ಸಭೆಯಲ್ಲಿ ಕುಲಸಚಿವರ ಪಕ್ಕದ ಕುರ್ಚಿಯಲ್ಲಿ ಭಾವ ಕೂತಿದ್ದರು, ಅದೇ ಫೈಲಿನೊಂದಿಗೆ. ಹಿಂಬಾಗಿಲಿನಿಂದ ಪ್ರಯೋಗಾಲಯಕ್ಕೆ ಹೋದದ್ದು, ಊಟದ ಹೊತ್ತಿನಲ್ಲಿ ಆಫೀಸಿನ ಬೀರು ತೆರೆದು ನೋಡಿದ್ದು, ಎಲ್ಲವನ್ನೂ ಓದಿದರು. “ಗೇಟಿನಲ್ಲಿ ಬಿಟ್ಟವರು ಯಾರು?” ಎಂದು ಕುಲಸಚಿವರು ಕೇಳಿದರು. ಭಾವ ನನ್ನ ಮುಖ ನೋಡಿದರು. ಎಷ್ಟಾದರೂ ಹೊಸದುರ್ಗದವರು, ಸಂಬಂಧ ಬಿಟ್ಟುಕೊಡಲಿಲ್ಲ. “ಮುಂದಿನ ಗೇಟಿಂದ್ಲೇ ಬಂದೆ” ಎಂದಷ್ಟೇ ಹೇಳಿದರು.

ಆಗ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ತಿಪ್ಪೇಸ್ವಾಮಿಯ ಕೆಲಸ ಹೋಗುತ್ತದೆ ಎಂದು ಚೆನ್ನಾಗಿ ಗೊತ್ತಿದ್ದೂ ಮೇಜಿನ ಮೇಲಿನ ನೀರಿನ ಬಾಟಲಿಯ ಚೀಟಿಯನ್ನು ಓದುತ್ತ ಕೂತೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ತಿಪ್ಪೇಸ್ವಾಮಿಯನ್ನು ಕರೆಸಿದರು. ಅವನು ನನ್ನ ಕಡೆ ತಿರುಗಿಯೂ ನೋಡದೆ ಗೇಟಿನ ರಿಜಿಸ್ಟರನ್ನು ಮೇಜಿನ ಮೇಲಿಟ್ಟ. ಕುಲಸಚಿವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: “ಒಂಬತ್ತೂಮುಕ್ಕಾಲು. ಸಂಚಾಲಕರ ಸ್ಕೂಟರಿನ ಹಿಂದೆ ಅಪರಿಚಿತರು. ಕಾರ್ಡು ಇಲ್ಲ. ತಡೆದೆ. ಭಾವ ಎಂದು ಹೇಳಿ ಬೈದು ಒಳಗೆ ಕರೆದುಕೊಂಡು ಹೋದರು. ಭಾವನವರ ಮೇಲೆ ಅನುಮಾನ ಇದೆ.”

“ನೀವು ಹೋಗ್ರಿ ತಿಪ್ಪೇಸ್ವಾಮಿ, ಗೇಟು ನೋಡ್ಕಳ್ರಿ” ಎಂದು ಅವನನ್ನು ಕಳಿಸಿ, ಕುಲಸಚಿವರು ಕೆಳಗಿದ್ದ ಇನ್ನೊಂದು ಸಾಲನ್ನೂ ಓದಿದರು: “ಪೂರ್ತಿ ಓದಿ ಪರಿಶೀಲಿಸಿದ್ದೇನೆ. ಎಲ್ಲವೂ ಸರಿಯಾಗಿದೆ.” ಸಹಿ ಯಾರದು ಎಂದು ಅವರು ಕೇಳಲಿಲ್ಲ. ಹಿಂದಿನ ಸಂಜೆ ತಾರಸಿಯಿಂದ ಇಳಿದು ಬಂದು, ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವ ಹಾಗೆ ಮೊಹರನ್ನು ನಾನೇ ಒತ್ತಿದ್ದೆ.