ದಂಡ ನನ್ನ ಹೆಸರಿಗೆ ಕಳಿಸು!

ಡೋರೀನ್: ದಂಡ ಕಟ್ಟು ಅಂತ ಯಾರಯ್ಯಾ ಹೇಳಿದ್ದು ನಿಂಗೆ? ನಾನು ಕೇಳಿದ್ನಾ?

ನೆವಿಲ್: ಅಯ್ಯೋ, ಕಟ್ಟಿದ್ದಕ್ಕೂ ಬೈಗುಳಾನಾ! ಬೇರೆ ಗಿರಾಕಿಗಳು ಥ್ಯಾಂಕ್ಸ್ ಹೇಳಿ ಹೋಗ್ತಾರೆ.

ಡೋರೀನ್: ಹೇಳ್ತಾರೆ, ಹೇಳ್ತಾರೆ! ನನ್ನ ಕಾರ್ಡಿಂದ ಪಾರ್ಕಿಂಗ್ ದಂಡ ಅರವತ್ತು ಪೌಂಡು, ಅದರ ಮೇಲೆ ನಿನ್ನ ‘ನಿರ್ವಹಣಾ ಶುಲ್ಕ’ ಮೂವತ್ತೈದು. ಏನು ಘನಂದಾರಿ ನಿರ್ವಹಣೆ ಮಾಡ್ದೆ? ಲಕೋಟೆ ಹರಿದೆ, ಅಷ್ಟೇ ತಾನೆ?

ಹ್ಯಾಲಿಫ್ಯಾಕ್ಸಿನ ಈ ವ್ಯಾನ್ ಬಾಡಿಗೆ ಅಂಗಡಿಯಲ್ಲಿ ಇರುವುದು ಮೂರೇ ಕುರ್ಚಿ. ಒಂದರಲ್ಲಿ ಮಾಲೀಕ ನೆವಿಲ್ ಸಗ್‌ಡೆನ್, ಇನ್ನೊಂದರಲ್ಲಿ ಅವನ ಹೆಂಡತಿ ಮೇವಿಸ್, ಮೂರನೆಯದರಲ್ಲಿ ನಾನು. ಡೋರೀನ್ ಕ್ರಾಬ್‌ಟ್ರೀ ಜಗಳ ಆಡುವಾಗ ಕೂರುವುದಿಲ್ಲ. ನಮ್ಮ ಬ್ಯಾಂಡಿನ ವಾದ್ಯಗಳನ್ನೆಲ್ಲ ಬಾಡಿಗೆ ವ್ಯಾನಿಗೆ ತುಂಬಿ ಊರೂರಿಗೆ ಓಡಿಸುವವಳು ಅವಳು, ದೊಡ್ಡ ಡೋಲು ಬಾರಿಸುವವನು ನಾನು. ಸಾಕ್ಷಿ ಹೇಳು ಬಾ ಎಂದು ಎಳೆದು ತಂದಿದ್ದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಆ ಮಾತು ಬೇರೆ.

ನೆವಿಲ್: ಅದು ಖಾಸಗಿ ಜಾಗ ತಾಯೀ. ಕ್ಯಾಮೆರಾ ಫೋಟೋ ಹೊಡೆದಿದೆ. ವ್ಯಾನು ಹಾಯಾಗಿ ನಿಂತಿದೆ ನೋಡಿ.

ಡೋರೀನ್: ವಾದ್ಯ ಇಳಿಸ್ತಾ ಇದ್ವಿ ಕಣಯ್ಯಾ! ಹಿಂದಿನ ಅಂಗಳದಲ್ಲಿ ನಿಲ್ಲಿಸಿ ಅಂತ ಕಾರ್ಯಕ್ರಮ ಇಟ್ಟಿದ್ದ ಚರ್ಚ್ ಹಾಲಿನವರೇ ಬರೆದುಕೊಟ್ಟಿದ್ದಾರೆ. ಇವನ ಡೋಲನ್ನ ಜೇಬಲ್ಲಿ ಹಾಕ್ಕೊಂಡು ಬರೋಕಾಗತ್ತಾ?

ನೆವಿಲ್: ಹಾಗಾದ್ರೆ ಅದನ್ನ ಪಾರ್ಕಿಂಗ್ ಕಂಪನಿಯೋರಿಗೆ ಹೇಳಿ.

ಡೋರೀನ್: ಹೇಳ್ದೆ! ‘ನೀವ್ಯಾರಮ್ಮ? ನೋಟೀಸು ಸಗ್‌ಡೆನ್ ಹೆಸರಲ್ಲಿದೆ, ನಿಮ್ಮ ಹತ್ರ ನಮಗೇನು ಮಾತು’ ಅಂದು ಫೋನ್ ಇಟ್ಟ. ಅದಕ್ಕೇ ಬಡ್ಕೋತಿರೋದು, ದಂಡ ನನ್ನ ಹೆಸರಿಗೆ ಕಳಿಸು. ನಾನೇ ಹೊಡೆದಾಡ್ಕೋತೀನಿ.

ನೆವಿಲ್: ದಂಡ ಬೇಕು ಅಂತ ಹಟ ಮಾಡೋ ಗಿರಾಕೀನ ಇವತ್ತೇ ನೋಡಿದ್ದು! ಕೇಳಿದ್ಯಾ ಮೇವಿಸ್?

ಮೇವಿಸ್: ಕೇಳ್ತಾನೇ ಇದೀನಿ.

ಅವಳು ತಲೆ ಎತ್ತದೆ ಚಹಾದಲ್ಲಿ ಬಿಸ್ಕತ್ತು ಅದ್ದಿದಳು.

ಡೋರೀನ್: ನಗು, ನಿಂಗೇನು. ಇವತ್ತು ಸಂಜೆ ಬ್ಯಾಂಡ್ ಸಮಿತಿ ಸಭೆ. ‘ಡೋರೀನ್‌ಗೆ ವಯಸ್ಸಾಯ್ತು, ಎಲ್ಲಿ ನಿಲ್ಲಿಸ್ತಾಳೆ ಅನ್ನೋದೇ ಗೊತ್ತಾಗಲ್ಲ, ಇನ್ಮೇಲೆ ಬೇರೆಯವರು ಓಡಿಸ್ಲಿ’ ಅಂತ ಕಾದು ಕೂತಿದ್ದಾರೆ. ದಂಡ ಕಟ್ಟಿ ಆಯ್ತು ಅಂದ್ರೆ ನಾನೇ ತಪ್ಪು ಒಪ್ಕೊಂಡ ಹಾಗೆ. ನಂಗೆ ತುತ್ತೂರಿ ಊದೋಕೆ ಬರಲ್ಲ ನೆವಿಲ್. ವ್ಯಾನು ಹೋದ್ರೆ ಆ ಬ್ಯಾಂಡಲ್ಲಿ ನಂದು ಅಂತ ಏನಿದೆ?

ಕೊನೆಯ ಮಾತಿಗೆ ಅವಳ ದನಿ ನಡುಗಿತು. ನೆವಿಲ್‌ಗೆ ಏನೂ ಆಗಲಿಲ್ಲ. ಆ ಮನುಷ್ಯನ ಎದೆಯೊಳಗೆ ಇರುವುದು ಕಾರ್ಡ್ ಉಜ್ಜುವ ಯಂತ್ರ.

ನೆವಿಲ್: ನಿಯಮ ಅಂದ್ರೆ ನಿಯಮ. ವ್ಯಾನು ಯಾರದ್ದೋ ದಂಡಾನೂ ಅವರದ್ದೇ. ಇನ್ನೊಬ್ಬರ ಹೆಸರಿಗೆ ಹಾಕೋದು ಹುಡುಗಾಟ ಅಂದ್ಕೊಂಡ್ರಾ? ವಕೀಲರು ಬೇಕು. ತಿಂಗಳುಗಟ್ಟಲೆ ಓಡಾಟ.

ಡೋರೀನ್: ಬಾಡಿಗೆ ಕರಾರಿನ ಪ್ರತಿ, ‘ದಂಡ ಬಿದ್ರೆ ನಂದೇ ಹೊಣೆ’ ಅಂತ ನಾನು ಸಹಿ ಹಾಕಿದ ಹಾಳೆ, ನನ್ನ ವಿಳಾಸ. ಗಡುವಿನೊಳಗೆ ಲಕೋಟೆಗೆ ಹಾಕಿ ಕಳಿಸಿದ್ರೆ ಮುಗೀತು. ವಕೀಲ ಯಾಕೆ, ಸ್ಟಾಂಪ್ ನೆಕ್ಕೋಕಾ?

ಮೇವಿಸ್: ಅಷ್ಟೇನಾ ಡೋರೀನ್? ಅಷ್ಟು ಸುಲಭಾನಾ?

ನೆವಿಲ್: ಅವರ ಮಾತು ಕಟ್ಕೋಬೇಡ ಮೇವಿಸ್. ನಾನು ಈ ವ್ಯವಹಾರದಲ್ಲೇ ತಲೆ ನೆರೆಸಿಕೊಂಡೋನು. ಒಂದೇ ಒಂದು ದಂಡಾನ ಇನ್ನೊಬ್ಬರ ಹೆಸರಿಗೆ ಹಾಕಿಲ್ಲ.

ಮೇವಿಸ್: ಒಂದೂ ಇಲ್ವಾ?

ನೆವಿಲ್: ದೇವರಾಣೆಗೂ ಒಂದೂ ಇಲ್ಲ.

ಮೇವಿಸ್ ಕಪ್ಪು ಕೆಳಗಿಟ್ಟಳು. ಕೈಗೆ ಅಂಟಿದ್ದ ಬಿಸ್ಕತ್ತಿನ ಪುಡಿ ಕೊಡವಿ, ತನ್ನ ಚೀಲದಿಂದ ಒಂದು ಕಾಗದ ತೆಗೆದಳು.

ಮೇವಿಸ್: ಹಾಗಾದ್ರೆ ಇದೇನು ಅಂತ ಹೇಳಿ. ಬೆಳಿಗ್ಗೆ ಮನೆಗೆ ಬಂತು. ‘ಶ್ರೀಮತಿ ಮೇವಿಸ್ ಸಗ್‌ಡೆನ್ ಅವರೇ, ಸೂಪರ್‌ಮಾರ್ಕೆಟ್ಟಿನ ಅಂಗಳದಲ್ಲಿ ರಾತ್ರಿಯಿಡೀ ವ್ಯಾನು ನಿಲ್ಲಿಸಿದ್ದಕ್ಕೆ ದಂಡ. ಅದನ್ನು ಬಾಡಿಗೆಗೆ ಪಡೆದವರು ನೀವೇ ಎಂದು ಮಾಲೀಕರು ತಿಳಿಸಿದ್ದಾರೆ.’

ಡೋರೀನ್: ಸೂಪರ್‌ಮಾರ್ಕೆಟ್ ಪಕ್ಕ ಇರೋದು ಪಬ್ಬು ಅಲ್ವಾ?

ಮೇವಿಸ್: ಅದೇ. ಟೈರು ನೋಡ್ಕೊಂಡು ಬರ್ತೀನಿ ಅಂತ ಇವರು ಹೋಗಿ, ಬೆಳಿಗ್ಗೆ ಟ್ಯಾಕ್ಸೀಲಿ ಬಂದಿದ್ರಲ್ಲ, ಆ ರಾತ್ರಿ.

ನೆವಿಲ್: ಅದು... ಅಂಗಡಿಗೆ ಖರ್ಚು ಬೀಳಬಾರದು ಅಂತ... ಮನೆಯೋಳೇ ಅಲ್ವಾ ಅಂತ...

ಮೇವಿಸ್: ನಂಗೆ ಗಾಡಿ ಓಡಿಸೋಕೇ ಬರಲ್ಲ ಕಣ್ರೀ!

ನಾನು ತಡೆಯಲಾರದೆ ನಕ್ಕೆ. ನೆವಿಲ್ ನನ್ನನ್ನು ದುರುಗುಟ್ಟಿ ನೋಡಿದ. ಮುಖ ಬೀಟ್‌ರೂಟ್ ಆಗಿತ್ತು, ಆದರೂ ಮಾತಿನ ಗತ್ತು ಇಳಿದಿರಲಿಲ್ಲ.

ಡೋರೀನ್: ಭಲೇ ನೆವಿಲ್! ಗಾಡಿ ಓಡಿಸೋಕೆ ಬರದೋಳ ಹೆಸರಿಗೆ ಒಂದೇ ಕಾಗದಕ್ಕೆ ಹೋಗತ್ತೆ, ಓಡಿಸಿದೋಳ ಹೆಸರಿಗೆ ಮಾತ್ರ ವಕೀಲ ಬೇಕು!

ನೆವಿಲ್: ಏನಾದ್ರೂ ಅನ್ನಿ. ನಿಮ್ಮ ದಂಡ ಕಟ್ಟಿ ಆಗಿದೆ. ಕಟ್ಟಿದ ಮೇಲೆ ಬ್ರಹ್ಮ ಬಂದ್ರೂ ಏನೂ ಮಾಡೋಕಾಗಲ್ಲ.

ಮೇವಿಸ್: ಯಾರು, ಇವರಾ? ಕಟ್ಟೋದಾ? ಕೊನೇ ದಿನ ಬರೋ ತನಕ ಇವರು ಹಾಲು ಹಾಕೋನಿಗೂ ಕಾಸು ಬಿಚ್ಚಲ್ಲ ಡೋರೀನ್. ನಿಮ್ಮ ಕಾರ್ಡಿಂದ ಎಳ್ಕೊಂಡಿದ್ದಾರೆ, ಅಷ್ಟೇ.

ಅವಳು ಬಿಸ್ಕತ್ತು ಡಬ್ಬಿ ಎತ್ತಿದಳು. ಅದರಡಿಯಲ್ಲಿ ಪಾರ್ಕಿಂಗ್ ಕಂಪನಿಯ ನೋಟೀಸು ಚಹಾದ ಕಲೆ ಮೆತ್ತಿಕೊಂಡು ಬೆಚ್ಚಗೆ ಮಲಗಿತ್ತು. ಗಡುವು ಇನ್ನೂ ಮುಗಿದಿರಲಿಲ್ಲ. ಇವನ ಜಿಪುಣತನಕ್ಕೆ ಕೈಮುಗಿಯುವ ದಿನ ಬರುತ್ತದೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ.

ನಾನು ಎದ್ದು ಡೋರೀನ್‌ಗೆ ಕುರ್ಚಿ ಕೊಟ್ಟೆ, ಅವಳು ಮೊದಲ ಸಲ ಕೂತಳು. ಮೇವಿಸ್ ಕಾಗದ ಬರೆದಳು, ಕರಾರಿನ ಪ್ರತಿ ಲಗತ್ತಿಸಿದಳು, ಗಂಡನ ಮೂಗಿನ ಕೆಳಗೆ ಪೆನ್ನು ಹಿಡಿದಳು. ನೆವಿಲ್ ಸಹಿ ಹಾಕಿದ.

ಡೋರೀನ್: ನಂಗೂ ಒಂದು ಪ್ರತಿ ಕೊಡಮ್ಮ. ಸಂಜೆ ಸಮಿತಿಯವರ ಕಣ್ಣಿಗೆ ಹಿಡೀತೀನಿ. ಪಾರ್ಕಿಂಗ್ ಕಂಪನಿ ಜೊತೆ ಜಗಳ ಇನ್ನೂ ಮುಗಿದಿಲ್ಲ, ಮುಗಿಯೋವರೆಗೂ ವ್ಯಾನು ನಂದೇ.

ಮೇವಿಸ್: ರೀ, ಮೊದಲು ಅವರ ದುಡ್ಡು ಪೂರ್ತಿ ವಾಪಸ್ ಹಾಕಿ. ಆಮೇಲೆ ನಿಮ್ಮ ಕಾರ್ಡ್ ಇಲ್ಲಿ ಕೊಡಿ.

ನೆವಿಲ್: ನಂದು ಯಾಕೆ?

ಮೇವಿಸ್: ನಿಮ್ಮ ದಂಡದ ಲಕೋಟೆ ನಾನು ಹರಿದಿದ್ದೀನಲ್ರೀ. ನಿರ್ವಹಣಾ ಶುಲ್ಕ ಯಾರು ಕೊಡ್ತಾರೆ?